ಭೂಮಿಗೆ ಆರು ಸಾವಿರ ವರ್ಷ ಅಂದ ಆ ಉಪನ್ಯಾಸದ ಬಗ್ಗೆ, ನಮ್ಮ ಸ್ಕೂಲಿನ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಪ್ರಿನ್ಸಿಪಾಲ್ ಮೇಡಂ, ಮತ್ತು ಆಡಳಿತ ಮಂಡಳಿಯ ಎಲ್ಲಾ ಸದಸ್ಯರೇ,

ನಮಸ್ಕಾರ. ನನ್ನ ಮಗಳು ನಿಮ್ಮ ಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಹೋದ ತಿಂಗಳು ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಭೂಮಿಯ ವಯಸ್ಸಿನ ಬಗ್ಗೆ ಹೊರಗಿನವರೊಬ್ಬರ ಉಪನ್ಯಾಸ ಇಟ್ಟಿದ್ರಿ, ಪೇರೆಂಟ್ಸೂ ಬರಬಹುದು ಅಂದಿದ್ರಿ, ನಾನು ಬಂದು ಹಿಂದಿನ ಸಾಲಲ್ಲಿ ಕೂತು ಪೂರ್ತಿ ಕೇಳಿದೆ. ಮಾತಾಡಿದವರು ಸಭ್ಯವಾಗಿ, ಚೆನ್ನಾಗಿ, ನಗಿಸ್ತಾ ಮಾತಾಡಿದ್ರು, ಅದರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಹೇಳಿದ ವಿಷಯದಲ್ಲಿ ಇದೆ. ಆಮೇಲೆ ನಾನು ನಿಮಗೆ ಒಂದು ಮೇಲ್ ಹಾಕಿದೆ, ಅದಕ್ಕೆ ಬಂದ ಉತ್ತರ ಇಷ್ಟೇ: "ಮಕ್ಕಳು ಎರಡೂ ಕಡೆಯ ವಾದ ಕೇಳಲಿ ಅನ್ನೋದು ನಮ್ಮ ಉದ್ದೇಶ." ಒಳ್ಳೇ ಉದ್ದೇಶ ಸಾರ್. ಆದ್ರೆ ಅವತ್ತು ಮಕ್ಕಳಿಗೆ ಸಿಕ್ಕಿದ್ದು ಎರಡು ಕಡೆ ಅಲ್ಲ, ಒಂದು ಕಡೆಯದ್ದೇ ಅರ್ಧ. ಆ ವಾದ ಕಟ್ಟಿದವರೇ ತಮ್ಮ ಪುಸ್ತಕದಲ್ಲಿ ಬರೆದು ಒಪ್ಕೊಂಡಿರೋ ಮುಖ್ಯವಾದ ಮಾತನ್ನೇ ಉಪನ್ಯಾಸಕರು ಬಿಟ್ಟುಬಿಟ್ರು. ಈ ಪತ್ರ ಬರೀತಿರೋದು ಅದಕ್ಕೆ, ಬಹಿರಂಗವಾಗಿ ಬರೀತಿರೋದು ಯಾಕಂದ್ರೆ ಅವತ್ತು ಹಾಲ್‌ನಲ್ಲಿದ್ದ ಬೇರೆ ಅಪ್ಪ ಅಮ್ಮಂದಿರೂ ಇದನ್ನ ಓದ್ಲಿ ಅಂತ.

ಮೊದಲು ಅವತ್ತು ಏನು ಹೇಳಿದ್ರು ಅನ್ನೋದನ್ನ ಇಲ್ಲಿ ದಾಖಲಿಸ್ತೀನಿ, ನಾನು ಬೇರೆ ಏನೋ ಕೇಳಿಸ್ಕೊಂಡೆ ಅಂತ ಆಗ್ಬಾರ್ದು. ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಹತ್ತು ವರ್ಷದ ಕಲ್ಲನ್ನ ಲ್ಯಾಬಿಗೆ ಕಳಿಸಿದ್ರೆ ಮೂರೂವರೆ ಲಕ್ಷ ವರ್ಷ ಅಂತ ರಿಪೋರ್ಟ್ ಬಂತು ಅಂದ್ರು. ಕೋಟ್ಯಂತರ ವರ್ಷ ಹಳೇದು ಅನ್ನೋ ಕಲ್ಲಿದ್ದಲು ಮತ್ತೆ ವಜ್ರದಲ್ಲಿ, ಅಷ್ಟು ಕಾಲ ಉಳಿಯಬಾರದ ಕಾರ್ಬನ್-14 ಸಿಕ್ಕಿದೆ ಅಂದ್ರು. ನ್ಯೂ ಮೆಕ್ಸಿಕೋದ ಜಿರ್ಕಾನ್ ಅನ್ನೋ ಖನಿಜದ ಹರಳಲ್ಲಿ ಇನ್ನೂ ಹೀಲಿಯಂ ಉಳಿದಿದೆ, ಅದನ್ನ ಲೆಕ್ಕ ಹಾಕಿದ್ರೆ ಆರು ಸಾವಿರ ವರ್ಷ ಬರತ್ತೆ ಅಂದ್ರು. ಕೊನೆಗೆ, ಡೇಟಿಂಗ್, ಅಂದ್ರೆ ಕಲ್ಲಿನ ವಯಸ್ಸು ಅಳೆಯೋದು, ಪೂರ್ತಿ ನಿಂತಿರೋದೇ ಊಹೆಗಳ ಮೇಲೆ, ಕಲ್ಲು ಹುಟ್ಟಿದಾಗ ನೋಡ್ದೋರು ಯಾರೂ ಇಲ್ಲ, ವಿಕಿರಣ ಕ್ಷಯದ (ಒಂದು ಧಾತು ತಾನಾಗೇ ಇನ್ನೊಂದಾಗೋದು) ವೇಗ ಹಿಂದೆ ಬೇರೆ ಇದ್ದಿರಬಹುದು, ಅಂದ್ರು. ಮಕ್ಕಳು ಚಪ್ಪಾಳೆ ಹೊಡೆದ್ರು. ಪ್ರಶ್ನೆ ಕೇಳೋಕೆ ಟೈಮ್ ಇರ್ಲಿಲ್ಲ.

ನಾನು ಜಿಯಾಲಜಿ ಓದಿದವ್ನು. ಈಗ ಬೇರೆ ಕೆಲಸದಲ್ಲಿದ್ರೂ ಒಂದಷ್ಟು ಕಾಲ ಈ ಕೆಲಸ ಕೈಯಾರೆ ಮಾಡಿದೀನಿ. ಅದು ಹೇಗಿರತ್ತೆ ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ "ಲ್ಯಾಬಿಗೆ ಕಳಿಸಿದ್ರು, ವಯಸ್ಸು ಬಂತು" ಅಂತ ಕೇಳಿದ ಮಕ್ಕಳು ಇದೇನೋ ಬ್ಲಡ್ ಟೆಸ್ಟ್ ಅಂದ್ಕೊಂಡಿರ್ತಾರೆ. ಗ್ರಾನೈಟ್ ಕಲ್ಲನ್ನ ಒಡೆದು, ಪುಡಿ ಮಾಡಿ, ಜರಡಿ ಹಿಡಿದು, ನೀರಲ್ಲಿ ತೊಳೆದು, ಅಯಸ್ಕಾಂತಕ್ಕೆ ಅಂಟೋದನ್ನೆಲ್ಲ ತೆಗೆದು, ಆಮೇಲೆ ನೀರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರವಾದ ಒಂದು ದ್ರವದಲ್ಲಿ ಹಾಕ್ತಾರೆ, ಸ್ಫಟಿಕ ಫೆಲ್ಡ್‌ಸ್ಪಾರ್ ಎಲ್ಲ ತೇಲತ್ತೆ, ಜಿರ್ಕಾನ್ ತಳ ಸೇರತ್ತೆ. ಒಂದು ಚೀಲ ಕಲ್ಲಿಂದ ಉಳಿಯೋದು ಚಿಟಿಕೆಯಷ್ಟು. ಅದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಸೂಜಿ ಹಿಡ್ಕೊಂಡು ಒಂದೊಂದೇ ಹರಳು ಆರಿಸ್ಬೇಕು. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಇರತ್ತೆ, ತಿಳಿ ಗುಲಾಬಿ ಬಣ್ಣ, ಎರಡೂ ತುದಿ ಚೂಪು. ಬಿರುಕು ಬಿಟ್ಟಿದ್ದು, ಮಬ್ಬಾಗಿರೋದು, ಒಳಗೆ ಬೇರೆ ಖನಿಜ ಸೇರಿರೋದು, ಎಲ್ಲ ಪಕ್ಕಕ್ಕೆ. ಜೋರಾಗಿ ಉಸಿರು ಬಿಟ್ರೆ ಹಾರಿ ಹೋಗತ್ತೆ. ಊಹೆ ಮಾಡ್ಕೊಂಡು ನಂಬರ್ ಬರೆಯೋರು ಇಷ್ಟು ಕಣ್ಣು ಹಾಳು ಮಾಡ್ಕೊಳ್ಳಲ್ಲ.

ಈಗ ಸೇಂಟ್ ಹೆಲೆನ್ಸ್ ವಿಷಯ. ಆ ಜ್ವಾಲಾಮುಖಿ ಸಿಡಿದಿದ್ದು 1980ರ ಮೇ 18ಕ್ಕೆ. ಆಮೇಲೆ 1986ರ ತನಕ ಅದರ ಬಾಯಲ್ಲಿ ಗಟ್ಟಿ ಲಾವಾದ ಒಂದು ಗುಮ್ಮಟ ಬೆಳೀತು. ಸ್ಟೀವನ್ ಆಸ್ಟಿನ್ ಅನ್ನೋ ಜಿಯಾಲಜಿಸ್ಟ್, ಅವರು ಬೈಬಲ್ ಪ್ರಕಾರ ಭೂಮಿ ಚಿಕ್ಕ ವಯಸ್ಸಿಂದು ಅಂತ ನಂಬೋರು, 1992ರಲ್ಲಿ ಅಲ್ಲಿಂದ ಕಲ್ಲು ತಂದು ಪೊಟ್ಯಾಸಿಯಂ-ಆರ್ಗಾನ್ ಟೆಸ್ಟಿಗೆ (ಪೊಟ್ಯಾಸಿಯಂ ನಿಧಾನಕ್ಕೆ ಆರ್ಗಾನ್ ಅನಿಲ ಆಗೋದನ್ನ ಅಳೆದು ವಯಸ್ಸು ಹೇಳೋದು) ಕೊಟ್ರು, ಇಡೀ ಕಲ್ಲಿಗೆ ಮೂರೂವರೆ ಲಕ್ಷ ವರ್ಷ ಅಂತ ಬಂತು, 1996ರಲ್ಲಿ ಪ್ರಕಟ ಮಾಡಿದ್ರು. ಇಲ್ಲಿವರೆಗೆ ಉಪನ್ಯಾಸಕರು ಹೇಳಿದ್ದು ಸರಿ. ಹೇಳದೇ ಇದ್ದಿದ್ದು ಏನಪ್ಪಾ ಅಂದ್ರೆ, ಪೊಟ್ಯಾಸಿಯಂ-40 ಅನ್ನೋ ವಿಕಿರಣಶೀಲ ಬಗೆ ಅರ್ಧ ಕ್ಷಯಿಸೋಕೆ 125 ಕೋಟಿ ವರ್ಷ ಬೇಕು, ಅದರಲ್ಲೂ ಹತ್ತರಲ್ಲಿ ಒಂದು ಪಾಲು ಮಾತ್ರ ಆರ್ಗಾನ್ ಆಗತ್ತೆ, ಮಿಕ್ಕಿದ್ದೆಲ್ಲ ಕ್ಯಾಲ್ಸಿಯಂ. ಹತ್ತು ವರ್ಷದಲ್ಲಿ ಹುಟ್ಟೋ ಆರ್ಗಾನ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಲಾರಿ ತೂಗೋ ವೇಬ್ರಿಡ್ಜ್ ಮೇಲೆ ಒಂದು ಏಲಕ್ಕಿ ಇಟ್ಟು, ಮುಳ್ಳು ಹತ್ತು ಕೆಜಿ ತೋರ್ಸ್ತು, ಅದಕ್ಕೇ ಲಾರಿ ತೂಕ ಎಲ್ಲಾ ಸುಳ್ಳು ಅಂದ ಹಾಗಾಯ್ತು ಇದು. ಅದೂ ಅಲ್ದೆ ಆ ಲಾವಾದಲ್ಲಿ ದೊಡ್ಡ ದೊಡ್ಡ ಹರಳುಗಳಿವೆ, ಅವು ಮೇಲೆ ಬರೋಕೆ ಎಷ್ಟೋ ಮುಂಚೆ ನೆಲದಡಿಯ ಮ್ಯಾಗ್ಮಾದಲ್ಲಿ ಬೆಳೆದು ಆರ್ಗಾನ್ ಹಿಡ್ಕೊಂಡಿದ್ವು. ಆಸ್ಟಿನ್ ಅವರ ಟೇಬಲ್‌ನಲ್ಲೇ ನೋಡಿ, ಇಡೀ ಕಲ್ಲಿಗೆ ಮೂರೂವರೆ ಲಕ್ಷ, ಅದರಿಂದ ಬೇರೆ ಮಾಡಿದ ಒಂದು ಖನಿಜಕ್ಕೆ 28 ಲಕ್ಷ. ಒಂದೇ ಕಲ್ಲಿನ ಬೇರೆ ಬೇರೆ ಭಾಗ ಬೇರೆ ಬೇರೆ ವಯಸ್ಸು ತೋರ್ಸಿದ್ರೆ ಈ ಸ್ಯಾಂಪಲ್ ಈ ಟೆಸ್ಟಿಗೆ ಲಾಯಕ್ಕಿಲ್ಲ ಅಂತ ಆ ವಿಧಾನವೇ ಹೇಳ್ತಿದೆ.

ಇದೇನು ಹೊಸದಾಗಿ ಕಂಡುಹಿಡಿದ ಗುಟ್ಟೂ ಅಲ್ಲ. ಬ್ರೆಂಟ್ ಡಾಲ್ರಿಂಪಲ್ ಅನ್ನೋ ವಿಜ್ಞಾನಿ 1969ರಲ್ಲೇ, ಹರಿದ ದಿನಾಂಕ ಗೊತ್ತಿರೋ 26 ಲಾವಾ ಹರಿವುಗಳನ್ನ ಬೇಕಂತಲೇ ಟೆಸ್ಟ್ ಮಾಡಿ, ಹೆಚ್ಚಿನವು ಸರಿ ಇವೆ, ಕೆಲವದರಲ್ಲಿ ಹಳೇ ಆರ್ಗಾನ್ ಉಳ್ಕೊಂಡಿದೆ ಅಂತ ಪ್ರಕಟ ಮಾಡಿದ್ರು. ತಮ್ಮ ವಿಧಾನ ಎಲ್ಲಿ ಕೈಕೊಡತ್ತೆ ಅಂತ ಹುಡುಕಿದ್ದು ಆ ವಿಧಾನ ಬಳಸೋರೇ. ಇನ್ನೊಂದು ಲೆಕ್ಕ ಮಕ್ಕಳಿಂದಲೇ ಮಾಡ್ಸಿ: ಮೂರೂವರೆ ಲಕ್ಷ ವರ್ಷದ ತಪ್ಪು ಹತ್ತು ವರ್ಷದ ಕಲ್ಲಲ್ಲಿ ಬಂದ್ರೆ ಅದು ಅನಾಹುತ. ಅದೇ ತಪ್ಪು ಬೆಳಗಾವಿ ಬೀದರ್ ಕಡೆಯ ಡೆಕ್ಕನ್ ಟ್ರಾಪ್ ಕಪ್ಪು ಕಲ್ಲಲ್ಲಿ ಬಂದ್ರೆ? ಅದಕ್ಕೆ ಸುಮಾರು 6.6 ಕೋಟಿ ವರ್ಷ, ತಪ್ಪು ಶೇಕಡ ಅರ್ಧದಷ್ಟು. ಅದರಿಂದ ಆರು ಸಾವಿರಕ್ಕೆ ಇಳಿಯೋಕೆ ಯಾವ ದಾರಿನೂ ಇಲ್ಲ.

ಹೊಸ ಕಲ್ಲಿಗೆ ಸರಿಯಾಗಿ ಡೇಟಿಂಗ್ ಮಾಡೋಕೇ ಆಗಲ್ವಾ ಅಂದ್ರೆ, ಆಗತ್ತೆ, ಜೋಪಾನವಾಗಿ ಮಾಡಿದ್ರೆ. ಇಟಲಿಯ ವೆಸೂವಿಯಸ್ ಸಿಡಿದು ಪಾಂಪೇ ಊರು ಬೂದಿ ಅಡಿ ಹೋಗಿದ್ದು ಕ್ರಿ.ಶ. 79ರಲ್ಲಿ, ಅದನ್ನ ಕಣ್ಣಾರೆ ಕಂಡ ರೋಮನ್ ಲೇಖಕ ಪ್ಲಿನಿ ಪತ್ರದಲ್ಲಿ ಬರೆದಿಟ್ಟಿದಾನೆ. ಪಾಲ್ ರೆನ್ ಮತ್ತು ಸಂಗಡಿಗರು ಆ ಸ್ಫೋಟದ ಕಲ್ಲಿಂದ ಹರಳು ಆರಿಸಿ ಆರ್ಗಾನ್-ಆರ್ಗಾನ್ ಅನ್ನೋ, ಅದೇ ಪೊಟ್ಯಾಸಿಯಂ ಟೆಸ್ಟಿನ ಸುಧಾರಿಸಿದ ವಿಧಾನದಲ್ಲಿ ಅಳೆದು 1997ರಲ್ಲಿ ಪ್ರಕಟ ಮಾಡಿದ ವಯಸ್ಸು 1925 ವರ್ಷ, 94 ವರ್ಷ ಆಚೆ ಈಚೆ. ನಿಜವಾದ ವಯಸ್ಸು ಆಗ 1918. "ಕಲ್ಲು ಹುಟ್ಟಿದಾಗ ನೋಡ್ದೋರು ಯಾರೂ ಇಲ್ಲ" ಅಂದ್ರಲ್ಲ ನಿಮ್ಮ ಅತಿಥಿಗಳು, ಇಲ್ಲಿ ನೋಡ್ದೋನೇ ಇದ್ದ, ಬರೆದೂ ಇಟ್ಟಿದ್ದ, ಹರಳೂ ಅದೇ ಹೇಳ್ತು. ಈ ಸ್ಲೈಡ್ ಯಾಕಿರ್ಲಿಲ್ಲ?

ಕಾರ್ಬನ್-14 ವಿಷಯ ಬೇಗ ಮುಗಿಸ್ತೀನಿ. ಅದರ ಅರ್ಧಾಯುಷ್ಯ (ಅರ್ಧ ಕ್ಷಯಿಸೋಕೆ ಬೇಕಾದ ಕಾಲ) 5730 ವರ್ಷ, 50 ಸಾವಿರ ವರ್ಷ ದಾಟಿದ ಮೇಲೆ ಉಳಿಯೋದು ಎಷ್ಟು ಕಮ್ಮಿ ಅಂದ್ರೆ ಸ್ಯಾಂಪಲ್ ರೆಡಿ ಮಾಡುವಾಗ ಸೇರೋ ಹೊರಗಿನ ಕಾರ್ಬನ್ನು, ಮೆಷಿನ್ ಒಳಗೇ ಉಳ್ಕೊಂಡಿರೋ ಕಾರ್ಬನ್ನು ಅದಕ್ಕಿಂತ ಜಾಸ್ತಿ ಆಗ್ಬಿಡತ್ತೆ. ಯಾವ ಮೆಷಿನ್ನೂ ಪೂರ್ತಿ ಸೊನ್ನೆ ತೋರ್ಸಲ್ಲ. ಟೇಲರ್ ಮತ್ತು ಸೌಥಾನ್ ಅನ್ನೋ ಇಬ್ಬರು 2007ರಲ್ಲಿ ವಜ್ರಗಳನ್ನ ಅಳೆದಿದ್ದು ಇದಕ್ಕೇ, ಮೆಷಿನ್ನಿನ ಸ್ವಂತ ಗದ್ದಲ ಎಷ್ಟು ಅಂತ ತಿಳ್ಕೊಳ್ಳೋಕೆ. ಬಂದ ರೀಡಿಂಗ್‌ಗಳು ಸುಮಾರು 65 ಸಾವಿರದಿಂದ 80 ಸಾವಿರ ವರ್ಷಕ್ಕೆ ಸಮ. ಸರಿ, ಆ ರೀಡಿಂಗ್ ನಿಜ ಅಂತಲೇ ಇಟ್ಕೊಳ್ಳೋಣ. ಆರು ಸಾವಿರ ವರ್ಷದ ವಸ್ತುವಲ್ಲಿ ಶೇಕಡ 48ರಷ್ಟು ಕಾರ್ಬನ್-14 ಉಳಿದಿರ್ಬೇಕು, ಇಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆ ಅಂತರ ಮುಚ್ಚೋಕೆ "ಬೈಬಲಿನ ಪ್ರಳಯಕ್ಕೆ ಮುಂಚೆ ಗಾಳಿಯಲ್ಲಿ ಕಾರ್ಬನ್-14 ತುಂಬಾ ಕಮ್ಮಿ ಇತ್ತು" ಅಂತ ಇನ್ನೊಂದು ಊಹೆ ಸೇರಿಸ್ತಾರೆ. ಊಹೆಗಳ ಮೇಲೆ ನಿಂತಿದೆ ಅಂತ ಬೈದಿದ್ದು ಯಾರನ್ನ?

ಊಹೆ ಅನ್ನೋ ಆರೋಪಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡ್ಬೇಕು, ಯಾಕಂದ್ರೆ ಮಕ್ಕಳ ಮನಸಲ್ಲಿ ಉಳಿದಿರೋದು ಅದೇ. ಯುರೇನಿಯಂ ನಿಧಾನಕ್ಕೆ ಸೀಸ ಆಗೋದನ್ನ ಅಳೆದು ವಯಸ್ಸು ಹೇಳೋ ವಿಧಾನವನ್ನೇ ತಗೊಳ್ಳಿ. ಶುರುವಲ್ಲಿ ಎಷ್ಟು ಸೀಸ ಇತ್ತು ಅಂತ ಹೇಗೆ ಗೊತ್ತು? ಮಧ್ಯದಲ್ಲಿ ಸೋರಿ ಹೋಗಿಲ್ಲ ಅಂತ ಹೇಗೆ ಗೊತ್ತು? ಒಳ್ಳೇ ಪ್ರಶ್ನೆಗಳು, ಜಿಯಾಲಜಿ ಓದೋ ಮಕ್ಕಳಿಗೆ ಮೊದಲು ಹೇಳ್ಕೊಡೋದೇ ಇವನ್ನ. ಜಿರ್ಕಾನ್ ಬೆಳೆಯುವಾಗ ಯುರೇನಿಯಂನ ಒಳಗೆ ಬಿಟ್ಕೊಳತ್ತೆ, ಸೀಸಾನ ಹತ್ತಿರ ಸೇರ್ಸಲ್ಲ, ಅದರ ಹರಳಿನ ಜಾಲರಿಗೆ ಸೀಸದ ಅಯಾನು ಹೊಂದಲ್ಲ. ಹಾಗಾಗಿ ಈಗ ಅಲ್ಲಿರೋ ಸೀಸ ಹೆಚ್ಚುಕಮ್ಮಿ ಎಲ್ಲಾ ಅಲ್ಲೇ ಹುಟ್ಟಿದ್ದು. ಸೋರಿಕೆ ಬಗ್ಗೆ ಅಂದ್ರೆ, ಅದೇ ಹರಳಲ್ಲಿ ಎರಡು ಯುರೇನಿಯಂ ಇವೆ, ಒಂದರ ಅರ್ಧಾಯುಷ್ಯ 447 ಕೋಟಿ ವರ್ಷ, ಇನ್ನೊಂದರದು ಸುಮಾರು 70 ಕೋಟಿ, ಎರಡೂ ಬೇರೆ ಬೇರೆ ಸೀಸ ಆಗ್ತವೆ. ಸೀಸ ಸೋರಿದ್ರೆ ಎರಡು ವಯಸ್ಸು ಹೊಂದಲ್ಲ, ತಕ್ಷಣ ಸಿಕ್ಕಿಬೀಳತ್ತೆ. ಹೊಂದಿದ್ರೆ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಹಾಗೆ, ಇದನ್ನ ಗ್ರಾಫ್ ಹಾಕಿ ನೋಡೋ ಪದ್ಧತಿ 1956ರಿಂದಲೇ ಇದೆ.

ಅದೇ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಗೆ 455 ಕೋಟಿ ವರ್ಷ ಅಂತ ಪ್ರಕಟ ಮಾಡಿದ್ದು, ಉಲ್ಕಾಶಿಲೆಗಳ ಸೀಸ ಅಳೆದು. ಈ ಮನುಷ್ಯನ ಕಥೆ ನಿಮ್ಮ ಮಕ್ಕಳಿಗೆ ಹೇಳ್ಲೇಬೇಕು. ಶುರುವಲ್ಲಿ ಪ್ಯಾಟರ್ಸನ್‌ಗೆ ಪ್ರತಿ ಸಲ ಸೀಸ ಲೆಕ್ಕಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ ಬರ್ತಿತ್ತು. ಹುಡುಕ್ತಾ ಹೋದ್ರೆ ಗಾಳಿಯಲ್ಲಿ ಸೀಸ, ನೀರಲ್ಲಿ ಸೀಸ, ಗಾಜಿನ ಪಾತ್ರೇಲಿ ಸೀಸ, ಬಟ್ಟೇಲಿ, ಕೂದಲಲ್ಲಿ. ವರ್ಷಗಟ್ಟಲೆ ಅದನ್ನ ತೊಳೆದೂ ತೊಳೆದೂ, ಗಾಳಿ ಸೋಸಿ ಬಿಡೋ ಸ್ಪೆಷಲ್ ಲ್ಯಾಬೇ ಕಟ್ಟಿಕೊಂಡ. ಆಮೇಲೆ, ಇಷ್ಟೊಂದು ಸೀಸ ಎಲ್ಲಿಂದ ಬಂತು ಅಂತ ಹಿಂದೆ ಬಿದ್ದು, ಪೆಟ್ರೋಲಿಗೆ ಬೆರೆಸೋ ಸೀಸದಿಂದ ಅಂತ ತೋರ್ಸಿ, ಆ ಇಂಡಸ್ಟ್ರಿಯನ್ನೇ ಎದುರು ಹಾಕ್ಕೊಂಡ. ನಮ್ಮ ದೇಶದಲ್ಲೂ 2000ದಲ್ಲಿ ಸೀಸದ ಪೆಟ್ರೋಲು ನಿಂತಿದ್ದು ಆ ದೊಡ್ಡ ಹೋರಾಟದ ಮುಂದುವರಿಕೆಯೇ. ಡೇಟಿಂಗ್ ಮಾಡೋರು ಕಲಬೆರಕೆ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ ಅಂತ ಸ್ಟೇಜ್ ಮೇಲೆ ಹೇಳೋದು ಸುಲಭ, ಅವತ್ತು ಕೂತಿದ್ದ ಮಕ್ಕಳ ರಕ್ತದಲ್ಲಿ ಸೀಸ ಕಮ್ಮಿ ಇರೋಕೆ ಕಾರಣ ಆ ತಲೆ ಕೆಡಿಸ್ಕೊಂಡಿದ್ದೇ ಅಂತ ಉಪನ್ಯಾಸಕರಿಗೆ ಗೊತ್ತಿತ್ತೋ ಇಲ್ವೋ.

ಈಗ ನಾನು ಶುರುವಲ್ಲಿ ಹೇಳಿದ, ಅವರು ಬಿಟ್ಟುಬಿಟ್ಟ ಮಾತಿಗೆ ಬರ್ತೀನಿ. ವಜ್ರದ ಕಾರ್ಬನ್ನು, ಜಿರ್ಕಾನಿನ ಹೀಲಿಯಂ, ಕ್ಷಯದ ವೇಗ ಬದಲಾಗಿತ್ತು ಅನ್ನೋದು, ಅವತ್ತು ಹೇಳಿದ ಈ ಮೂರೂ ಬಂದಿರೋದು ಒಂದೇ ಕಡೆಯಿಂದ. ಅಮೆರಿಕದ ಇನ್ಸ್ಟಿಟ್ಯೂಟ್ ಫಾರ್ ಕ್ರಿಯೇಷನ್ ರಿಸರ್ಚ್ ಅನ್ನೋ ಸಂಸ್ಥೆ 1997ರಲ್ಲಿ ಶುರು ಮಾಡಿ 2005ರಲ್ಲಿ ಮುಗಿಸಿದ ರೇಟ್ ಅನ್ನೋ ಪ್ರಾಜೆಕ್ಟ್. ಅದರಲ್ಲಿದ್ದೋರು ಹೆಚ್ಚಿನವರು ಪಿಎಚ್‌ಡಿ ಮಾಡಿದವ್ರು, ಲೆಕ್ಕ ಗೊತ್ತಿರೋರು. ಅವರು ಮೊದಲು ಒಪ್ಕೊಂಡಿದ್ದೇನು ಗೊತ್ತಾ? ಇವತ್ತಿನ ವೇಗದಲ್ಲಾದ್ರೆ 50 ಕೋಟಿ ವರ್ಷಕ್ಕೂ ಹೆಚ್ಚು ಬೇಕಾಗೋ ಅಷ್ಟು ವಿಕಿರಣ ಕ್ಷಯ ಕಲ್ಲುಗಳಲ್ಲಿ ನಿಜವಾಗ್ಲೂ ನಡೆದಿದೆ ಅಂತ. ಅಂದ್ರೆ ಮೆಷಿನ್ ತಪ್ಪು, ಕಲಬೆರಕೆ, ಸೋರಿಕೆ ಅನ್ನೋ ಮಾತಿಂದಷ್ಟೇ ಇದನ್ನ ತಳ್ಳಿ ಹಾಕೋಕಾಗಲ್ಲ ಅಂತ ಆ ಪಾಳೆಯದ ತಜ್ಞರಿಗೇ ಗೊತ್ತಾಯ್ತು. ಹಾಗಾಗಿ ಉಳಿದಿದ್ದು ಒಂದೇ ದಾರಿ: ಆ ಕ್ಷಯ ಎಲ್ಲಾ, ಅದರಲ್ಲೂ ದೊಡ್ಡ ಪಾಲು ಬೈಬಲಿನಲ್ಲಿ ಬರೋ ನೋಹನ ಪ್ರಳಯದ ಒಂದು ವರ್ಷದಲ್ಲಿ, ಕೋಟಿಗಟ್ಟಲೆ ಪಟ್ಟು ವೇಗದಲ್ಲಿ ನಡೆದುಹೋಯ್ತು ಅನ್ನೋದು.

ಹಾಗೆ ನಡೆದಿದ್ರೆ ಏನಾಗ್ತಿತ್ತು ಅನ್ನೋದನ್ನೂ ಅವರೇ ಬರೆದಿದಾರೆ. ಕ್ಷಯದಿಂದ ಶಾಖ ಹುಟ್ಟತ್ತೆ, ಅಷ್ಟು ಶಾಖ ಒಂದೇ ವರ್ಷದಲ್ಲಿ ಬಿಡುಗಡೆ ಆದ್ರೆ ಬಂಡೆಗಳು ಕರಗಿ ಹೋಗ್ತವೆ. ಇದು ಬಗೆಹರಿಯದ ಸಮಸ್ಯೆ ಅಂತ ಅವರ 2005ರ ಪುಸ್ತಕದಲ್ಲೇ ಇದೆ. ಬ್ರಹ್ಮಾಂಡ ಹಿಗ್ಗಿದ್ದರಿಂದ ಶಾಖ ಇಳಿದಿರಬಹುದು ಅನ್ನೋ ಒಂದು ಪ್ರಸ್ತಾಪ ಇಡ್ತಾರೆ, ಆದ್ರೆ ಬಂಡೆ ತಣ್ಣಗಾಗ್ಬೇಕು, ಸಮುದ್ರ ಹೆಪ್ಪುಗಟ್ಟಬಾರದು, ಅದು ಹೇಗೆ ಅಂತ ಉತ್ತರ ಸಿಕ್ಕಿಲ್ಲ. ವಿಕಿರಣದ ಸಮಸ್ಯೆಯನ್ನೂ ಒಪ್ಕೊಂಡಿದಾರೆ. ಅದನ್ನ ನಾನೇ ಲೆಕ್ಕ ಹಾಕಿ ತೋರಿಸ್ತೀನಿ, ಹತ್ತನೇ ಕ್ಲಾಸಿನ ಗುಣಾಕಾರ ಸಾಕು. ನಮ್ಮೆಲ್ಲರ ಮೈಯಲ್ಲೂ ಪೊಟ್ಯಾಸಿಯಂ ಇದೆ, ಬಾಳೆಹಣ್ಣು ತಿಂದ್ರೂ ತಿನ್ನದಿದ್ರೂ, ಅದರ ಒಂದು ಸಣ್ಣ ಪಾಲು ಪೊಟ್ಯಾಸಿಯಂ-40. ಅದರಿಂದ ವರ್ಷಕ್ಕೆ ನಮಗೆ ತಗಲೋ ವಿಕಿರಣ ಸುಮಾರು 0.17 ಮಿಲಿಸೀವರ್ಟ್ (ಮೈಗೆ ತಗಲೋ ವಿಕಿರಣ ಅಳೆಯೋ ಮಾನ ಸೀವರ್ಟ್, ಅದರ ಸಾವಿರದ ಒಂದು ಪಾಲು), ಏನೂ ಅಲ್ಲ. ಇದನ್ನ 50 ಕೋಟಿಯಿಂದ ಗುಣಿಸಿ. ವರ್ಷಕ್ಕೆ 85 ಸಾವಿರ ಸೀವರ್ಟ್ ಬರತ್ತೆ, ಗಂಟೆಗೆ ಹತ್ತಿರ ಹತ್ತಿರ 10 ಸೀವರ್ಟ್. ಮನುಷ್ಯನನ್ನ ಕೊಲ್ಲೋಕೆ 5 ಸಾಕು. ಅಂದ್ರೆ ಹಡಗಲ್ಲಿ ಕೂತ ನೋಹ, ಅವನ ಮನೆಯವ್ರು, ಆನೆ, ಪಾರಿವಾಳ, ಯಾರಿಗೂ ಹೊರಗಿನಿಂದ ಏನೂ ಆಗ್ಬೇಕಾಗಿಲ್ಲ, ತಮ್ಮ ಮೈಯೊಳಗಿನ ಪೊಟ್ಯಾಸಿಯಂ ಒಂದರಿಂದಲೇ ಅರ್ಧ ಗಂಟೆಯಲ್ಲಿ ಮಾರಕ ಡೋಸು.

ಕ್ಷಯದ ವೇಗ ಬದಲಾಗತ್ತೆ ಅನ್ನೋಕೆ ಉಪನ್ಯಾಸಕರು ರೀನಿಯಂ ಅನ್ನೋ ಲೋಹದ ಉದಾಹರಣೆ ಕೊಟ್ರು, ಕೋಟಿ ಪಟ್ಟು ಬದಲಾಗಿದ್ದು ಲ್ಯಾಬಲ್ಲೇ ತೋರಿಸಿದಾರೆ ಅಂದ್ರು. ಹೌದು, 1996ರಲ್ಲಿ ಜರ್ಮನಿಯಲ್ಲಿ ರೀನಿಯಂ-187 ಪರಮಾಣುವಿನ 75 ಎಲೆಕ್ಟ್ರಾನನ್ನೂ ಕಿತ್ತು ಬೋಳು ಮಾಡಿ ವೇಗವರ್ಧಕದಲ್ಲಿ ಸುತ್ತಿಸಿದಾಗ ಅದರ ಅರ್ಧಾಯುಷ್ಯ ಸುಮಾರು 33 ವರ್ಷಕ್ಕೆ ಇಳೀತು, ಮಾಮೂಲಾಗಿ ಅದು 4 ಸಾವಿರ ಕೋಟಿ ವರ್ಷಕ್ಕೂ ಹೆಚ್ಚು. ಅದ್ಭುತ ಪ್ರಯೋಗ. ಆದ್ರೆ ಎಲ್ಲಾ ಎಲೆಕ್ಟ್ರಾನ್ ಕಳ್ಕೊಂಡ ರೀನಿಯಂ ಇರೋದು ನಕ್ಷತ್ರದ ಹೊಟ್ಟೆಯಲ್ಲಿ, ಬಂಡೆಯಲ್ಲಲ್ಲ. ಅದು ಬೀಟಾ ಕ್ಷಯ ಅನ್ನೋ ಬಗೆಯ ಒಂದು ವಿಶೇಷ ಸಂದರ್ಭ ಬೇರೆ, ಯುರೇನಿಯಂನದು ಆಲ್ಫಾ ಕ್ಷಯ ಅನ್ನೋ ಇನ್ನೊಂದು ಬಗೆ, ಅದಕ್ಕೆ ಇದು ಅನ್ವಯಿಸೋದೇ ಇಲ್ಲ. ಹಿಂದಿನ ಕಾಲದ ವೇಗ ನೋಡ್ಬೇಕಾ, ಅದಕ್ಕೂ ಸಾಕ್ಷಿ ಇದೆ: 1987ರಲ್ಲಿ ಪಕ್ಕದ ಗ್ಯಾಲಕ್ಸಿಯಲ್ಲಿ ಸಿಡಿದ ನಕ್ಷತ್ರದ ಬೆಳಕು ಅಲ್ಲಿಂದ ಹೊರಟು ಸುಮಾರು 1.68 ಲಕ್ಷ ವರ್ಷ ಆಗಿತ್ತು. ಅದು ಮಂಕಾಗ್ತಾ ಹೋಗಿದ್ದು ಆ ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ಕೋಬಾಲ್ಟ್-56ರ 77 ದಿನದ ಅರ್ಧಾಯುಷ್ಯಕ್ಕೆ ಸರಿಯಾಗಿ, ನಮ್ಮ ಲ್ಯಾಬಲ್ಲಿ ಇವತ್ತು ಅಳೆಯೋ ಅದೇ 77.

ಹೀಲಿಯಂ ಬಗ್ಗೆ ಎರಡೇ ಮಾತು. ಯುರೇನಿಯಂ ಕ್ಷಯಿಸುವಾಗ ಹೀಲಿಯಂ ಹುಟ್ಟತ್ತೆ, ಹರಳಿಂದ ನಿಧಾನಕ್ಕೆ ಸೋರತ್ತೆ, ಬಂಡೆ ಬಿಸಿ ಇದ್ದಷ್ಟೂ ಬೇಗ. ಆ ಜಿರ್ಕಾನ್‌ಗಳು ಬಂದಿದ್ದು ಫೆಂಟನ್ ಹಿಲ್ ಅನ್ನೋ ಕಡೆ ಭೂಶಾಖದ ಪ್ರಯೋಗಕ್ಕೆ ಕೊರೆದ ಆಳದ ಬಾವಿಯಿಂದ, ಪಕ್ಕದಲ್ಲೇ ಸುಮಾರು 12 ಲಕ್ಷ ವರ್ಷದ ಹಿಂದೆ ಭಾರೀ ಸ್ಫೋಟ ಆದ ಜ್ವಾಲಾಮುಖಿ ಇದೆ. ಅಂಥಾ ಜಾಗದಲ್ಲಿ ಬಂಡೆ ಯಾವಾಗ್ಲೂ ಇವತ್ತಿನಷ್ಟೇ ಬಿಸಿ ಇತ್ತು ಅಂತ ಹಿಡ್ಕೊಂಡು ಲೆಕ್ಕ ಹಾಕಿದ್ರೆ ಬರೋ ಆರು ಸಾವಿರ, ಎರಡು ಸಾವಿರ ಆಚೆ ಈಚೆ, ಅದು ಆ ಊಹೆಯ ವಯಸ್ಸು. ಅದೇ ಹರಳುಗಳ ಯುರೇನಿಯಂ-ಸೀಸದ ವಯಸ್ಸು ಸುಮಾರು 150 ಕೋಟಿ ವರ್ಷ ಅನ್ನೋದನ್ನ ರೇಟ್ ತಂಡವೂ ಬರೆದಿದೆ, ನಿಮ್ಮ ಸ್ಲೈಡಲ್ಲಿ ಆ ಸಾಲು ಇರ್ಲಿಲ್ಲ.

ಇದು ಧರ್ಮದ ವಿರುದ್ಧದ ಪತ್ರ ಅಂತ ಯಾರೂ ತಿರುಚಬೇಡಿ. ರೇಟ್ ಪ್ರಾಜೆಕ್ಟನ್ನ ಸಾಲು ಸಾಲಾಗಿ ವಿಮರ್ಶೆ ಮಾಡಿದ್ರಲ್ಲಿ ಅಮೆರಿಕದ ಕ್ರೈಸ್ತ ವಿಜ್ಞಾನಿಗಳ ಸಂಘದ ಪತ್ರಿಕೆಯೇ ಮುಂದಿತ್ತು. ಮಂಗಳ ಗ್ರಹದ ರೋವರ್‌ಗೆ ಲೇಸರ್ ಉಪಕರಣ ಮಾಡಿದ ರೋಜರ್ ವೀನ್ಸ್ ಕೂಡ ನಂಬಿಕಸ್ಥ ಕ್ರೈಸ್ತರು, ಡೇಟಿಂಗ್ ಯಾಕೆ ನಂಬಲರ್ಹ ಅಂತ ತಮ್ಮ ಧರ್ಮದವರಿಗಾಗಿಯೇ ವಿವರವಾಗಿ ಬರೆದಿದಾರೆ. ಹಾಗೇ ನಮ್ಮ ಕಡೆಯೋರು ಖುಷಿ ಪಡೋದೂ ಬೇಡ. ಉಪನ್ಯಾಸ ಮುಗಿದ ಮೇಲೆ ಒಬ್ಬ ಪೇರೆಂಟ್ ನನ್ನ ಹತ್ರ "ಅವರದ್ದು ತಪ್ಪು ಬಿಡಿ, ನಮ್ಮ ಪುರಾಣದಲ್ಲಿ ಕಲ್ಪ ಅಂದ್ರೆ 432 ಕೋಟಿ ವರ್ಷ, ವಿಜ್ಞಾನ ಹೇಳೋದೂ ಅದೇ ಅಲ್ವಾ" ಅಂದ್ರು. ಅಲ್ಲ ಸಾರ್, ವಿಜ್ಞಾನ ಹೇಳೋದು 454 ಕೋಟಿ. ಒಂದು ನಂಬರ್ ಹತ್ತಿರ ಬಂತು ಅಂತ ಕಲ್ಲು ಅಳೆದ ಹಾಗೆ ಆಗಲ್ಲ. ಮುಂದಿನ ವರ್ಷ ಯಾರೋ ಆ ಉಪನ್ಯಾಸ ಇಟ್ರೂ ನಾನು ಇದೇ ಪತ್ರ ಬರೀತೀನಿ.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಅವತ್ತು ತೋರಿಸಿದ ಸ್ಲೈಡ್‌ಗಳನ್ನ ಪೇರೆಂಟ್ಸ್‌ಗೆ ಕೊಡಿ, ನಾವೂ ನಿಧಾನಕ್ಕೆ ಓದ್ತೀವಿ. ಅದೇ ಹಾಲ್‌ನಲ್ಲಿ, ಅದೇ ಮಕ್ಕಳಿಗೆ, ಅಷ್ಟೇ ಹೊತ್ತು, ಕಲ್ಲಿನ ವಯಸ್ಸು ಅಳೆಯೋ ಐಸೋಟೋಪ್ ಲ್ಯಾಬಲ್ಲಿ ಕೆಲಸ ಮಾಡೋ ಯಾರಾದ್ರೂ ಒಬ್ಬರನ್ನ ಕರೆಸಿ ಮಾತಾಡ್ಸಿ, ಬೆಂಗಳೂರಲ್ಲಿ ಅಂಥವರಿಗೆ ಬರ ಇಲ್ಲ. ಬೇಕಾದ್ರೆ ಹಿಂದಿನ ಉಪನ್ಯಾಸಕರನ್ನೂ ಕರೀರಿ, ಈ ಸಲ ಪ್ರಶ್ನೆಗೆ ಅರ್ಧ ಗಂಟೆ ಇಡಿ, ಶಾಖದ ಸಮಸ್ಯೆ ಬಗ್ಗೆ ಮೊದಲ ಪ್ರಶ್ನೆ ನಂದು. ನಿಮ್ಮ ಸೈನ್ಸ್ ಟೀಚರ್‌ಗಳನ್ನ ಮುಂಚೆನೇ ಕೇಳಿ ಆಮೇಲೆ ಇಂಥಾ ಕಾರ್ಯಕ್ರಮ ಒಪ್ಕೊಳ್ಳಿ. ಅವತ್ತು ಅವರ ಮುಖ ನಾನು ನೋಡಿದೆ, ಏನೂ ಹೇಳೋ ಹಾಗಿರ್ಲಿಲ್ಲ ಪಾಪ. ಭೂಮಿಯ ವಯಸ್ಸು ಎಷ್ಟು ಅಂತ ಪರೀಕ್ಷೆಯಲ್ಲಿ ಬಂದ್ರೆ ಯಾವ ಉತ್ತರಕ್ಕೆ ಮಾರ್ಕ್ಸ್ ಕೊಡ್ತೀರ ಅನ್ನೋದನ್ನೂ ಮಕ್ಕಳಿಗೆ ಬರವಣಿಗೆಯಲ್ಲಿ ಹೇಳ್ಬಿಡಿ, ನನ್ನ ಮಗಳು ನನ್ನನ್ನ ಕೇಳಿದ್ದು ಅದನ್ನೇ.

ಇನ್ನೊಂದು, ಇದಕ್ಕೆ ಖರ್ಚು ಬಸ್ಸಿನದ್ದು ಮಾತ್ರ. ಮಕ್ಕಳನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋಗಿ. ಕೆಂಪೇಗೌಡರ ಗೋಪುರ ನಿಂತಿರೋ ಬಂಡೆಗೆ 300 ಕೋಟಿ ವರ್ಷ ಅಂತ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯೋರು ಫಲಕ ಹಾಕಿದಾರೆ. ಮೈಸೂರು ಸಂಸ್ಥಾನದ ಜಿಯಾಲಜಿ ಇಲಾಖೆಯ ಸ್ಮೀತ್ 1916ರಲ್ಲಿ ಪೆನಿನ್ಸುಲಾರ್ ನೈಸ್ (ನೈಸ್ ಅಂದ್ರೆ ಪಟ್ಟೆ ಪಟ್ಟೆಯ ಒಂದು ಬಗೆಯ ಕಲ್ಲು) ಅಂತ ಹೆಸರಿಟ್ಟಿದ್ದು ಈ ಕಲ್ಲಿಗೇ. ಬಿಳಿ ಕಪ್ಪು ಪಟ್ಟೆಗಳು ಮಡಿಸಿ ತಿರುಚಿಕೊಂಡಿರೋದನ್ನ ಮಕ್ಕಳು ಕೈಯಿಂದ ಮುಟ್ಟಿ ನೋಡ್ಲಿ, ಇದು ಹೇಗಾಗಿರಬಹುದು, ಎಷ್ಟು ಹೊತ್ತು ಹಿಡಿದಿರಬಹುದು ಅಂತ ಅವರೇ ಕೇಳ್ತಾರೆ. ಅಲ್ಲಿಂದ ರಾಮನಗರಕ್ಕೆ ಹೋದ್ರೆ ಆ ಬೆಟ್ಟಗಳ ಗ್ರಾನೈಟು ಸುಮಾರು 250 ಕೋಟಿ, ಇದಕ್ಕಿಂತ ಕಿರಿದು, ಹಾಸನದ ಗೊರೂರಿನ ಕಡೆಯ ನೈಸ್ 330 ಕೋಟಿ ಹತ್ತಿರ, ಹಿರಿದು. ಯಾವ ಕಲ್ಲು ಯಾವುದನ್ನ ಸೀಳ್ಕೊಂಡು ಬಂದಿದೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಫೀಲ್ಡಲ್ಲಿ ನಿಂತು ಹೇಳೋ ಕ್ರಮವೂ, ಯುರೇನಿಯಂ-ಸೀಸ ಹೇಳೋ ಕ್ರಮವೂ ಹೊಂದತ್ತೆ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಯಾರೂ ಇಲ್ಲ ಅಂದ್ರೆ ಯಾವ ಭಾನುವಾರ ಆದ್ರೂ ನಾನು ಬರ್ತೀನಿ, ಸಂಭಾವನೆ ಬೇಡ.

ಹೋದ ಸಲದ ಹಾಗೆ ಒಂದು ಸಾಲಿನ ಉತ್ತರ ಬೇಡ. ಮುಂದಿನ ಪೇರೆಂಟ್ಸ್ ಮೀಟಿಂಗ್ ಒಳಗೆ ಈ ಬೇಡಿಕೆಗಳಲ್ಲಿ ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ, ಇಲ್ಲ ಅಂದ್ರೆ ಯಾಕೆ ಅನ್ನೋದನ್ನ ಬರೆದು ತಿಳಿಸಿ ಅಂತ ಕೇಳ್ಕೊಳ್ತೀನಿ.

ಇಂತಿ ವಿಶ್ವಾಸಗಳೊಂದಿಗೆ,
ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿನಿಯೊಬ್ಬಳ ತಂದೆ